ಕೆತ್ತಿಯ ಕತೆ ಸಂತೆ ಮತ್ತು ಕಲೆಕ್ಟರ್ ಎಂಬ ಎಮ್ಮೆ

ಮೊದಲು ಖರ್ಚು ಹೇಳಿಬಿಡುತ್ತೇನೆ. ಒಂದು ಚಿಪ್ಪು ರಸಬಾಳೆ, ಒಂದು ಪ್ಲಾಸ್ಟಿಕ್ ನೀರಿನ ಬಾಟಲಿ, ಊಟಿ ಬಸ್‌ಸ್ಟ್ಯಾಂಡಿನಲ್ಲಿ ಚಳಿ ತಡೆಯಲಾರದೆ ಕೊಂಡ ಒಂದು ಉಣ್ಣೆ ಟೋಪಿ, ಮತ್ತೆ ಅಲ್ಲಿಯವರೆಗೆ ಯಾರಿಗೂ ಹೇಳದಿದ್ದ ಒಂದು ಕತೆ. ಬಸ್ ಚಾರ್ಜು ಬರೆಯುವುದಿಲ್ಲ. ನೀವು ಹೋಗುವ ಹೊತ್ತಿಗೆ ರೇಟು ಬದಲಾಗಿರುತ್ತೆ, ಆಮೇಲೆ ಗೌರಮ್ಮ ಸುಳ್ಳು ಹೇಳಿದಳು ಅಂತೀರಿ. ಬಾಳೆಹಣ್ಣು ಕೋತಿಯ ಪಾಲಾಯಿತು, ಬಾಟಲಿ ಸರ್ಕಾರದ ಪಾಲಾಯಿತು, ಟೋಪಿ ಈಗಲೂ ನನ್ನ ತಲೆ ಮೇಲಿದೆ. ಇದ್ದುದರಲ್ಲಿ ದುಬಾರಿಯಾದದ್ದು ಕತೆ. ಅದನ್ನು ಯಾಕೆ ಕೊಟ್ಟೆ ಅನ್ನುವುದಕ್ಕೇ ಇಷ್ಟು ಬರೆಯುತ್ತಿದ್ದೇನೆ.

ನಂಜನಗೂಡಿನಲ್ಲಿ ನನ್ನದೊಂದು ಅಂಗಡಿ ಇದೆ. ಸ್ಕೂಲ್ ಬ್ಯಾಗು, ನೋಟ್‌ಬುಕ್ಕು, ಪೆನ್ನು ಮಾರುತ್ತೇನೆ. ಅದಕ್ಕೂ ಮೊದಲು ತಲೆ ಮೇಲೆ ಬುಟ್ಟಿ ಹೊತ್ತು ಬೀದಿ ಬೀದಿ ತಿರುಗಿ, ಹಳೇ ಬಟ್ಟೆ ತಗೊಂಡು ಸ್ಟೀಲ್ ಪಾತ್ರೆ ಕೊಡುತ್ತಿದ್ದೆ. ಚೌಕಾಸಿಯನ್ನು ನನಗೆ ಕಲಿಸಿದವರು, ತೂತು ಬಿದ್ದ ಪ್ಯಾಂಟಿಗೆ ಟಿಫನ್ ಕ್ಯಾರಿಯರ್ ಕೇಳುತ್ತಿದ್ದ ಮಹಾತಾಯಂದಿರು. ಅವರ ಕೈಯಲ್ಲಿ ಪಳಗಿದ ನನ್ನನ್ನು ಇಷ್ಟು ವರ್ಷಗಳಲ್ಲಿ ಒಬ್ಬಳೇ ಸೋಲಿಸಿದ್ದಾಳೆ. ಅವಳು ಸುಮತಿ ಟೀಚರ್. ಊಟಿ ಹತ್ತಿರದ ಕೆತ್ತಿ ಕಡೆಯ ಬಡಗರ ಹುಡುಗಿ, ಮೈಸೂರಿನಲ್ಲಿ ಬಿ.ಎಡ್. ಓದುವಾಗ ನನ್ನ ಅಂಗಡಿಯ ಪರಿಚಯವಾದವಳು. ಈಗಲೂ ತನ್ನ ಶಾಲೆಯ ಮಕ್ಕಳಿಗೆ ನೋಟ್‌ಬುಕ್ ಬೇಕಾದರೆ ನನಗೇ ಫೋನ್ ಮಾಡುತ್ತಾಳೆ. ಲಾಭ ಬಿಟ್ಟು ಕೊಡಿಸಿಕೊಳ್ಳುವವರೆಗೆ ಫೋನ್ ಇಡುವುದಿಲ್ಲ.

ಈ ಸಲ ನೋಟ್‌ಬುಕ್ ಕೇಳಲಿಲ್ಲ. "ಗೌರಕ್ಕ, ಶಾಲೇಲಿ ಕತೆ ಸಂತೆ ಮಾಡ್ತಿದ್ದೀವಿ. ಮಕ್ಕಳು ತಾವೇ ಬರೆದ ಕತೇನ ಪುಸ್ತಕ ಕಟ್ಟಿ ಚಾಪೆ ಹಾಸ್ಕೊಂಡು ಕೂರ್ತಾರೆ. ಸಂತೆ ಅಂದ್ಮೇಲೆ ಚೌಕಾಸಿ ಮಾಡೋರು ಬೇಡ್ವಾ? ಬನ್ನಿ."

"ರೇಟ್ ಎಷ್ಟು ಇಟ್ಟಿದ್ದೀಯ?"

"ದುಡ್ಡಿಲ್ಲ. ಒಂದು ಕತೆ ಬೇಕಂದ್ರೆ ಒಂದು ಕತೆ ಕೊಡ್ಬೇಕು. ನಿಮ್ಮದೇ ಆಗಿರ್ಬೇಕು, ಕೇಳಿದ್ದು ನಡೆಯಲ್ಲ."

ದುಡ್ಡಿಲ್ಲದ ಸಂತೆ ಅಂದರೆ ನನ್ನ ಹಳೇ ಕಸುಬೇ. ಹೊರಟೆ. ಪರದೇಶಕ್ಕೆ ಹೋಗ್ತೀನಿ ಅಂತ ಬೀದಿಯಲ್ಲೆಲ್ಲ ಹೇಳಿಕೊಂಡೇ ಹೊರಟೆ. ಬೇರೆ ರಾಜ್ಯ, ಬೇರೆ ಅಕ್ಷರ, ಬೇರೆ ಚಳಿ. ನನ್ನಂಥವಳಿಗೆ ಪರದೇಶ ಅನ್ನಿಸಿಕೊಳ್ಳಲು ಇನ್ನೇನು ಬೇಕು?

ಕಕ್ಕನಹಳ್ಳ

ಬಂಡೀಪುರ ದಾಟಿದ ಮೇಲೆ ತಮಿಳುನಾಡಿನ ಚೆಕ್‌ಪೋಸ್ಟು. ಅಲ್ಲಿ ಬಸ್ಸಿಗೆ ಹತ್ತಿದ ಹೆಂಗಸೊಬ್ಬಳು ಸೀಟಿನಿಂದ ಸೀಟಿಗೆ ಬಗ್ಗಿ ನೋಡುತ್ತಾ ಬಂದಳು. ನೀಲಗಿರಿಗೆ ಪ್ಲಾಸ್ಟಿಕ್ ಬಾಟಲಿ ಒಯ್ಯುವ ಹಾಗಿಲ್ಲವಂತೆ. ನನ್ನದು ಆಗತಾನೇ ಗುಂಡ್ಲುಪೇಟೆಯಲ್ಲಿ ಕೊಂಡದ್ದು, ಇನ್ನೂ ಮುಚ್ಚಳ ತಿರುಗಿಸಿರಲಿಲ್ಲ.

"ಕುಡಿದು ಖಾಲಿ ಮಾಡಿ ಕೊಡ್ತೀನಿ ತಾಯಿ, ನೀರಿಗಾದ್ರೂ ಬೆಲೆ ಇಲ್ವಾ?" ಅಂದೆ.

"ಕುಡೀರಿ," ಅಂದಳು ಚೊಕ್ಕ ಕನ್ನಡದಲ್ಲಿ, ಸೊಂಟಕ್ಕೆ ಕೈಯಿಟ್ಟು ನಿಂತುಕೊಂಡು. ಇಡೀ ಬಸ್ಸು ನೋಡುತ್ತಿರುವಾಗ ಒಂದೇ ಉಸಿರಿಗೆ ಒಂದು ಲೀಟರ್ ನೀರು ಕುಡಿದೆ. ಗೆದ್ದೆ ಅಂದುಕೊಂಡೆ. ಹುಲಿ ಕಾಡಿನ ನಡುವೆ ಬಸ್ಸನ್ನು ಎಲ್ಲೂ ನಿಲ್ಲಿಸುವುದಿಲ್ಲ ಅಂತ ಡ್ರೈವರ್ ಹೇಳಿದ್ದು ಅದಾದ ಮೇಲೆ.

ಮಸಿನಗುಡಿ

ದೊಡ್ಡ ಬಸ್ಸು ಗೂಡಲೂರಿನ ಮೇಲೆ ಸುತ್ತಿ ಊಟಿಗೆ ಹೋಗುತ್ತೆ. ಮಸಿನಗುಡಿ ಕಡೆಯಿಂದ ಹೋದರೆ ಹತ್ತಿರ ಅಂತ ಪಕ್ಕದ ಸೀಟಿನವರು ಹೇಳಿದರು. ಹತ್ತಿರ ಅಂದರೆ ಉಳಿತಾಯ, ಜೊತೆಗೆ ಹೊಟ್ಟೆಯಲ್ಲಿದ್ದ ಆ ಒಂದು ಲೀಟರಿಗೂ ಒಂದು ದಾರಿಯಾಗಬೇಕಿತ್ತು. ಮಸಿನಗುಡಿ ದಾರಿ ಒಡೆಯುವ ತೆಪ್ಪಕಾಡಿನ ಸ್ಟಾಪಿನಲ್ಲಿ ಇಳಿದೆ. ದಾರಿಯಾಯಿತು. ಬಂದು ನೋಡುವಷ್ಟರಲ್ಲಿ ಮರದ ಕೆಳಗಿಟ್ಟಿದ್ದ ಚೀಲದ ಬಾಯಿ ಬಿಚ್ಚಿತ್ತು, ಸುಮತಿಗೆ ಅಂತ ಬಟ್ಟೆಯಲ್ಲಿ ಸುತ್ತಿ ತಂದಿದ್ದ ರಸಬಾಳೆ ಚಿಪ್ಪು ಕೊಂಬೆಯ ಮೇಲಿತ್ತು. ಕೋತಿ ನನ್ನನ್ನೇ ನೋಡುತ್ತಾ ಸಿಪ್ಪೆ ಸುಲಿಯುತ್ತಿತ್ತು. ಅದೂ ಎಷ್ಟು ನಾಜೂಕಾಗಿ ಅಂತೀರಿ!

ಮಸಿನಗುಡಿಗೆ ಹೋಗುವ ಮಿನಿ ಬಸ್ಸಿನ ಕಂಡಕ್ಟರ್ ನನ್ನ ಮುಖ ನೋಡಿಯೇ ವಿಷಯ ತಿಳಿದುಕೊಂಡ. "ವಾಳೆಪಳಮಾ? ನಲ್ಲದಾಚ್ಚು, ಒಳ್ಳೇದೇ ಆಯ್ತು. ಕೋತಿ ತಗೊಂಡು ಹೋಯ್ತಲ್ಲ, ಸಂತೋಷ ಪಡಿ ಅಮ್ಮಾ. ಬಾಳೆಹಣ್ಣಿನ ವಾಸನೆಗೆ ಆನೆ ಬಂದಿದ್ರೆ ಚೀಲವೂ ಇಲ್ಲ, ನೀವೂ ಇಲ್ಲ," ಅಂದು ಟಿಕೆಟ್ ಹರಿದ. ನಮ್ಮ ಕಡೆ ಕಂಡಕ್ಟರು ಚಿಲ್ಲರೆಗೆ ಬೈಯುತ್ತಾರೆ. ಇಲ್ಲಿಯವರು ಜೀವ ಉಳಿದದ್ದಕ್ಕೆ ಬೈಯುತ್ತಾರೆ.

ಕಲ್ಲಟ್ಟಿ

ಮಸಿನಗುಡಿಯಲ್ಲಿ ಬೆವರು, ಕಲ್ಲಟ್ಟಿ ಘಾಟಿ ಹತ್ತುವಷ್ಟರಲ್ಲಿ ಹಲ್ಲು ಕಟಕಟ. ತಿರುವುಗಳಿಗೆಲ್ಲ ನಂಬರು ಹಾಕಿ ಬೋರ್ಡು ನಿಲ್ಲಿಸಿದ್ದಾರೆ. ಕಣ್ಣು ಮುಚ್ಚಿಕೊಂಡಿದ್ದರಿಂದ ನಾನು ಓದಲಿಲ್ಲ. ಊಟಿ ಬಸ್ಸಿನಲ್ಲಿ ಪಕ್ಕದಲ್ಲಿ ಕೂತಿದ್ದ, ಬಿಳಿ ಮುಂಡು ಉಟ್ಟ ಬಡಗ ಮುದುಕಿ ನನ್ನ ಕೈಯನ್ನು ತನ್ನ ಮಡಿಲಿಗೆಳೆದುಕೊಂಡು ಬಿಗಿಯಾಗಿ ಹಿಡಿದುಕೊಂಡಳು. ಮೇಲೆ ತಲುಪುವವರೆಗೂ ಬಿಡಲಿಲ್ಲ, ಹೆಸರನ್ನೂ ಕೇಳಲಿಲ್ಲ. ಇಳಿಯುವಾಗ ಏನೋ ಅಂದಳು. ಅರ್ಧ ತಿಳಿಯಿತು. ಬಡಗರ ಮಾತೇ ಹಾಗೆ, ನಮ್ಮ ಮನೆಯ ಹಿತ್ತಲಲ್ಲಿ ಯಾರೋ ಮಾತಾಡಿದಂತೆ. ದನಿ ಗೊತ್ತು, ಪದ ಹಿಡಿಯಬೇಕಾದರೆ ಕಿವಿ ನಿಮಿರಿಸಬೇಕು. ಮುಂದೆ ಅವರ ಮಾತುಗಳನ್ನೆಲ್ಲ ನನ್ನ ಕಿವಿಗೆ ದಕ್ಕಿದ ಕನ್ನಡದಲ್ಲೇ ಬರೆಯುತ್ತೇನೆ. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಲಿ.

ಕೆತ್ತಿ, ಸಂಜೆ

ಸುಮತಿಯ ಊರು ಕಣಿವೆಯ ಓರೆಯಲ್ಲಿದೆ. ಊರಿಗೆ ಅವರು ಹಟ್ಟಿ ಅನ್ನುತ್ತಾರೆ. ಒಂದಕ್ಕೊಂದು ಅಂಟಿಕೊಂಡ ಮನೆಗಳ ಸಾಲು, ಕೆಳಗೆ ಕ್ಯಾರೆಟ್ಟು ಬೀಟ್‌ರೂಟಿನ ಪಟ್ಟೆಗಳು, ಸುತ್ತ ಟೀ. ಅವಳ ಅತ್ತೆ ರಾಗಿ ಮುದ್ದೆಯನ್ನೂ ಅವರೆಕಾಳಿನ ಸಾರನ್ನೂ ಇಟ್ಟು, ತಾನು ಎದುರಿಗೆ ಕೂತು ನಾನು ತಿನ್ನುವುದನ್ನೇ ನೋಡಿದರು.

"ಮುದ್ದೆ ನುಂಗೋಕೆ ಬರುತ್ತಲ್ಲ, ಹಾಗಾದ್ರೆ ನಮ್ಮೋರೇ," ಅಂದರು. "ನಮ್ಮ ಹಿರೀಕರು ನಿಮ್ಮ ಮೈಸೂರು ಕಡೆಯಿಂದಲೇ ಬಂದೋರಂತೆ. ನೀನು ಭಾಳ ತಡ ಮಾಡಿದೆ."

"ಬಸ್ ಸಿಗಲಿಲ್ಲ," ಅಂದೆ. ಅತ್ತೆ ನಗು ತಡೆಯಲಾಗದೆ ಸೌಟು ಕೆಳಗಿಟ್ಟರು.

ಸುಮತಿ ಮಾತ್ರ ನಗಲಿಲ್ಲ. ಮುದ್ದೆ ಮುಗಿಯುವವರೆಗೆ ಕಾದಿದ್ದು ಆಮೇಲೆ ವಿಷಯ ಹೇಳಿದಳು.

ಅವಳ ಕ್ಲಾಸಿನಲ್ಲಿ ದರ್ಶಿನಿ ಅಂತ ಎಂಟನೇ ತರಗತಿಯ ಹುಡುಗಿ. ಪರೀಕ್ಷೆಯ ಉತ್ತರ ಬಿಟ್ಟು ಬೇರೇನನ್ನೂ ಬರೆದವಳಲ್ಲ. ಕತೆ ಬರೀರಿ ಅಂದಾಗ ಮಕ್ಕಳೆಲ್ಲ ರಾಜಕುಮಾರಿ, ಮಾತಾಡುವ ಮೊಲ ಅಂತ ಬರೆದು ತಂದರು. ಸುಮತಿ ಎಲ್ಲವನ್ನೂ ವಾಪಸ್ ಕೊಟ್ಟು, "ನಿಮ್ಮ ಹಟ್ಟಿಯಲ್ಲಿ ನಡೆದದ್ದು ಬೇಕು," ಅಂದಳಂತೆ. ಒಂದು ವಾರ ಬಿಟ್ಟು ದರ್ಶಿನಿ ತಂದುಕೊಟ್ಟದ್ದು ತಮ್ಮ ಮನೆಯ ಎಮ್ಮೆಯ ಕತೆ. ಹಟ್ಟಿಯಲ್ಲಿ ಉಳಿದಿದ್ದ ಕೊನೆಯ ಎಮ್ಮೆ ಅದು. ರಸ್ತೆಯ ನಡುವೆ ಕೂತರೆ ಟೂರಿಸ್ಟ್ ಕಾರು, ಸರ್ಕಾರಿ ಬಸ್ಸು ಎಲ್ಲ ನಿಲ್ಲಬೇಕಾಗಿದ್ದರಿಂದ ಹೆಸರು ಕಲೆಕ್ಟರ್. ಮಳೆಗಾಲದ ಕೊನೆಗೆ ಸತ್ತುಹೋಯಿತು.

"ಅದರಲ್ಲಿ ತಪ್ಪೇನು?" ಅಂದೆ.

"ಬರೆದ ರೀತಿ ಅಕ್ಕ. ನಮ್ಮಲ್ಲಿ ಯಾರಾದ್ರೂ ತೀರಿಕೊಂಡ್ರೆ, ಹಿರಿಯರೊಬ್ಬರು ನಿಂತು, ಅವರು ಮಾಡಿರಬಹುದಾದ ತಪ್ಪುಗಳನ್ನೆಲ್ಲ ಒಂದೊಂದಾಗಿ ಗಟ್ಟಿಯಾಗಿ ಹೇಳ್ತಾರೆ. ಗಡಿ ಕಲ್ಲು ಸರಿಸಿದ್ದು, ತಿಳಿನೀರು ಕದಡಿದ್ದು, ಹಸಿ ಮರ ಕಡಿದಿದ್ದು. ಸೇರಿದೋರು ದನಿಗೂಡಿಸ್ತಾರೆ, ಎಲ್ಲ ಕಳೆದುಹೋಗಲಿ ಅಂತ. ದರ್ಶಿನಿ ಅದೇ ಧಾಟಿಯಲ್ಲಿ ಎಮ್ಮೆಯ ಪಾಪಗಳನ್ನ ಬರೆದಿದ್ದಾಳೆ."

ನಮ್ಮ ಕಡೆ ಸತ್ತವರನ್ನು ಹೊಗಳುತ್ತೇವೆ. ನಿನ್ನೆಯವರೆಗೆ ಬೈದವರೇ ಹೂ ಹಾಕಿ ದೇವರಂಥ ಮನುಷ್ಯ ಅನ್ನುತ್ತೇವೆ. ಇವರು ತಪ್ಪನ್ನೇ ಎತ್ತಿ ಹೇಳಿ, ಹಗುರ ಮಾಡಿ ಕಳಿಸುತ್ತಾರೆ. ವ್ಯವಹಾರಸ್ಥೆಯಾಗಿ ಹೇಳುವುದಾದರೆ ಇವರ ಪದ್ಧತಿಯೇ ಚೊಕ್ಕ.

ಆದರೆ ಕ್ಲಾಸಿನ ಯಾರೋ ನಲ್ಲಿಯ ಹತ್ತಿರ ದರ್ಶಿನಿಯ ಕತೆಯನ್ನು ಅಣಕಿಸಿ ತೋರಿಸಿದ್ದಾರೆ. ಹೆಂಗಸರು ಬಿದ್ದು ಬಿದ್ದು ನಕ್ಕಿದ್ದಾರೆ. ಮಾತು ಜೋಗಿ ಗೌಡರ ಕಿವಿಗೆ ಹೋಗಿದೆ. ಸಾವಿನ ಮನೆಯಲ್ಲಿ ಆ ಮಾತುಗಳನ್ನು ಹೇಳುವವರು ಅವರೇ. "ಅದನ್ನು ಆಟಕ್ಕೆ ತರಬೇಡಿ, ಸಂತೆಯಲ್ಲಿ ಅದು ಬೇಡ," ಅಂತ ಶಾಲೆಗೆ ಹೇಳಿಕಳಿಸಿದ್ದಾರೆ.

"ಆ ಹುಡುಗಿ ಏನಂತಾಳೆ?"

"ಬರೀರಿ ಅಂತೀರಿ, ಬರೆದ್ರೆ ಬೇಡ ಅಂತೀರಿ, ಇನ್ಮೇಲೆ ಉತ್ತರ ಪತ್ರಿಕೆ ಮಾತ್ರ ಬರೀತೀನಿ ಟೀಚರ್, ಅಂದ್ಳು." ಸುಮತಿ ತಟ್ಟೆಯಲ್ಲಿ ಬೆರಳಾಡಿಸುತ್ತಾ ಕೂತಳು. "ಬೇರೆ ಮಕ್ಕಳೂ ನೋಡ್ತಿದ್ದಾರೆ ಅಕ್ಕ. ಇವಳು ಚಾಪೆ ಹಾಸದಿದ್ರೆ, ಅವರೆಲ್ಲ ಮತ್ತೆ ರಾಜಕುಮಾರಿಗೇ ಹೋಗ್ತಾರೆ."

ಸಂತೆಗೆ ನಡುವೆ ಒಂದೇ ದಿನವಿತ್ತು. ಚಿಂತೆ ಮಾಡಬೇಡ, ನಾಳೆ ಗೌಡರ ಹತ್ತಿರ ನಾನು ಮಾತಾಡ್ತೀನಿ ಅಂದೆ. ಜರಿ ಇಲ್ಲದ ಸೀರೆಗೆ ಜರಿ ಇದೆ ಅಂತ ಹೆಂಗಸರು ವಾದಿಸುವಾಗ ಸೋಲದವಳು ನಾನು, ಒಬ್ಬ ಮುದುಕ ಯಾವ ಲೆಕ್ಕ? ಕಂಬಳಿ ಹೊದ್ದು ಮಲಗಿದೆ. ಮೂಗು ಮಾತ್ರ ಬೆಳಗಿನವರೆಗೂ ಬೇರೆ ಯಾರದೋ ಅನ್ನುವಷ್ಟು ತಣ್ಣಗಿತ್ತು.

ಜೋಗಿ ಗೌಡರ ಜಗಲಿ

ಬೆಳಿಗ್ಗೆ ಹುಲ್ಲಿನ ಮೇಲೆ ಹಿಮ ಉಪ್ಪು ಚೆಲ್ಲಿದಂತಿತ್ತು. ಗೌಡರು ಬಿಳಿ ರುಮಾಲು ಸುತ್ತಿ, ಬಿಳಿ ಹೊದಿಕೆ ಹೊದ್ದು ಜಗಲಿಯ ಬಿಸಿಲಿನಲ್ಲಿ ಕೂತಿದ್ದರು. ಸುಮತಿ, ಅವಳ ಹಿಂದೆ ದರ್ಶಿನಿ, ಅವಳ ಹಿಂದೆ ನಾನು. ಹುಡುಗಿ ಮುಖ ಊದಿಸಿಕೊಂಡಿದ್ದಳು, ಗೌಡರ ಹುಬ್ಬೂ ಗಂಟಾಗಿತ್ತು. ಆದರೂ ಅವಳು ತಲೆ ಬಗ್ಗಿಸಿದಳು, ಅವರು ಅಂಗೈಯನ್ನು ಅವಳ ನೆತ್ತಿಯ ಮೇಲಿಟ್ಟು ಹರಸಿದರು. ಆಮೇಲೆ ಇಬ್ಬರೂ ಮತ್ತೆ ಮುಖ ತಿರುಗಿಸಿಕೊಂಡರು. ಇಲ್ಲಿ ಕಿರಿಯರು ಹಿರಿಯರನ್ನು ಕಂಡರೆ ಹೀಗೇ. ಜಗಳವಿದ್ದರೂ ಮೊದಲು ಹರಸುವುದು, ಮಿಕ್ಕದ್ದು ಆಮೇಲೆ. ನಮ್ಮ ಸಂತೆಪೇಟೆಯಲ್ಲಿ ಈ ಪದ್ಧತಿ ಇದ್ದಿದ್ದರೆ ಎಷ್ಟು ಗಂಟಲು ಉಳಿಯುತ್ತಿತ್ತೋ!

ನಾನು ಶುರು ಮಾಡಿದೆ. ಚೌಕಾಸಿಯಲ್ಲಿ ಮೊದಲು ಬೆಲೆಯ ಮಾತೆತ್ತಬಾರದು. ಟೀ ಸೊಪ್ಪಿನ ರೇಟು ಕೇಳಿದೆ. ಫ್ಯಾಕ್ಟರಿಯವರು ಕೊಡುವುದು ಕೂಲಿಗೇ ಸಾಲದು ಅಂದರು. ಬೀಟ್‌ರೂಟಿನ ಬೆಳೆ ಕೇಳಿದೆ. ಕಾಟಿ, ಅಂದರೆ ಕಾಡುಕೋಣ, ರಾತ್ರಿ ಬಂದು ತುಳಿಯುತ್ತೆ ಅಂದರು. ಟೀ ಬಂತು. ಇನ್ನು ಹಣ್ಣಾಗಿದ್ದಾರೆ ಅನ್ನಿಸಿದಾಗ ಬಾಣ ಬಿಟ್ಟೆ.

"ಗೌಡ್ರೇ, ಮಾಲು ನೋಡದೇನೇ ಬೇಡ ಅಂದ್ರೆ ಹೇಗೆ? ಹುಡುಗಿ ಒಂದ್ಸಲ ಓದ್ತಾಳೆ, ಕೇಳಿ. ಆಮೇಲೆ ಬೇಡ ಅನ್ನಿ."

"ಇದು ಸೀರೆ ಅಲ್ಲಮ್ಮ, ಬಿಚ್ಚಿ ನೋಡಿ ಮಡಿಸಿ ಕೊಡೋಕೆ."

ನನ್ನ ಕಸುಬು ಅವರಿಗೆ ಯಾರು ಹೇಳಿದರೋ! ಸುಮತಿ ನೆಲ ನೋಡಿದಳು.

"ಮಕ್ಕಳು ಬರೀಲಿ ಅಂತ ತಾನೇ..." ಅಂತ ರಾಗ ಎಳೆದೆ.

"ಬರೀಲಿ. ಬೇಡ ಅಂದೋರು ಯಾರು? ಸಾವಿನ ಮನೇಲಿ ಹೆಣದ ಮುಂದೆ ನಿಂತು ನಾನು ಹೇಳೋ ಮಾತು ಅದು. ಅದನ್ನ ನಲ್ಲೀ ಹತ್ರ ಹೇಳ್ಕೊಂಡು ನಗ್ತಾರೆ. ಎನ್ನ ಕಾಲಕ್ಕೂ ಹಿಂಗೇ ನಗ್ತಾರಾ?"

ಇದಕ್ಕೆ ನನ್ನ ಬುಟ್ಟಿಯಲ್ಲಿ ಪಾತ್ರೆಯಿರಲಿಲ್ಲ. ಇಂಥ ಕಡೆ ವ್ಯಾಪಾರಿಗೆ ತಿಳಿದುಬಿಡುತ್ತೆ: ಎದುರಿನವರು ಬೆಲೆ ಏರಿಸುತ್ತಿಲ್ಲ, ನಿಜವನ್ನೇ ಹೇಳುತ್ತಿದ್ದಾರೆ.

ಆಗ ದರ್ಶಿನಿ ಬಾಯಿ ಬಿಟ್ಟಳು. "ನಗಿಸೋಕೆ ಬರೆದಿಲ್ಲ ಅಜ್ಜಾ."

"ಮತ್ತೇಕೆ?"

"ಮನುಷ್ಯರು ಸತ್ರೆ ಎಲ್ಲಾ ಹಟ್ಟಿಯಿಂದ ಬರ್ತಾರೆ. ಕಲೆಕ್ಟರ್ ಸತ್ತಾಗ ಗುಂಡಿ ತೋಡೋರು ಬಂದ್ರು, ಅಷ್ಟೇ. ಯಾರೂ ಏನೂ ಹೇಳಲಿಲ್ಲ." ಅವಳ ಕತ್ತಿನ ನರ ಉಬ್ಬಿತ್ತು. "ಯಾರಾದ್ರೂ ಏನಾದ್ರೂ ಹೇಳ್ಬೇಕಲ್ಲ? ಎನಗೆ ಬೇರೆ ಯಾವ ಥರ ಹೇಳೋದು ಅಂತ ಗೊತ್ತಿಲ್ಲ."

ಗೌಡರು ಟೀ ಲೋಟವನ್ನು ಒಂದು ಅಂಗೈಯಿಂದ ಇನ್ನೊಂದಕ್ಕೆ ಬದಲಿಸಿದರು. ಕೆಳಗೆ ಕಣಿವೆಯಲ್ಲಿ ಯಾರೋ ಕ್ಯಾರೆಟ್ ತೊಳೆಯುವ ಮೋಟಾರು ಚಾಲೂ ಮಾಡಿದರು.

"ಓದು," ಅಂದರು.

ಅವಳು ಚೂಡಿದಾರದ ಮೇಲಿನ ಸ್ವೆಟರ್ ಒಳಗಿಂದ ಹಾಳೆ ತೆಗೆದಳು. ತಮಿಳು ಅಕ್ಷರದಲ್ಲಿ ಬರೆದ ಬಡಗ ಮಾತು. ಕಣ್ಣಿಗೆ ನನಗೊಂದೂ ತಿಳಿಯದು, ಕಿವಿಗೆ ಬಿದ್ದಾಗ ಹೆಚ್ಚುಕಡಿಮೆ ಎಲ್ಲ ತಿಳಿಯಿತು. ಜೋಗಿ ಗೌಡರ ತೋಟಕ್ಕೆ ನುಗ್ಗಿ ಕ್ಯಾರೆಟ್ ತಿಂದದ್ದು ಪಾಪ. ಬೇಲಿಯ ಮೇಲೆ ಒಣಗಲು ಹಾಕಿದ್ದ ಅಂಗಡಿ ಮಾಸಿಯವ್ವೆಯ ಹೊಸ ಮುಂಡು ಅಗಿದದ್ದು ಪಾಪ. ಸೊಪ್ಪಿನ ಲಾರಿಗೆ ಅಡ್ಡ ಕೂತದ್ದು ಪಾಪ. ಕಾಟಿ ಬಂದ ದಿನ ಹೆತ್ತೆಯನ್ನು, ಅಂದರೆ ಅಜ್ಜಿಯನ್ನು, ಬಿಟ್ಟು ತಾನೊಬ್ಬಳೇ ಮನೆಗೆ ಓಡಿ ಬಂದದ್ದು ಪಾಪ. ಹೀಗೇ ಸಾಗಿ ಕೊನೆಗೊಂದು ಸಾಲು: ನನಗೆ ಹೇಳದೆ ಹೋದದ್ದು ಪಾಪ.

ಯಾರೂ ನಗಲಿಲ್ಲ. ಗೌಡರು ಕೆಮ್ಮಿದರು.

"ಕ್ಯಾರೆಟ್ ಅಲ್ಲ ಅದು, ಬೀಟ್‌ರೂಟ್," ಅಂದರು. "ಬೆಳಿಗ್ಗೆ ಎದ್ದು ನೋಡ್ತೀನಿ, ಮೂತಿಯೆಲ್ಲ ಕೆಂಪು ಮಾಡ್ಕೊಂಡು ಎನ್ನ ಬಾಗಿಲಲ್ಲೇ ನಿಂತಿದೆ. ಏನನ್ನ ಕೊಂದು ಬಂತಪ್ಪ ಅಂತ ಎದೆ ಒಡೆದುಹೋಯ್ತು. ಬರೆಯೋದಾದ್ರೆ ಸರಿಯಾಗಿ ಬರಿ."

ದರ್ಶಿನಿ ಪೆನ್ನಿಗಾಗಿ ನನ್ನ ಕಡೆ ನೋಡಿದಳು. ಪೆನ್ನಿಲ್ಲದೆ ನಾನು ಮನೆ ಬಿಡುವುದುಂಟೆ?

"ಇನ್ನೊಂದು. ಆ ಪದಗಳು ಸಾವಿನ ಮನೆಯವು. ಅವು ಅಲ್ಲೇ ಇರಲಿ. ಎಮ್ಮೆ ನಿನ್ನದು. ಪದಾನೂ ನಿನ್ನದೇ ಹುಡುಕು. ಪಾಪ, ಪಾಪ ಅಂತ ಎನ್ನ ಮಾತು ಎನಗೇ ಏಕೆ ಹೇಳ್ತೀಯ?"

ಸುಮತಿ ಮೆಲ್ಲಗೆ ನನ್ನ ಕೈ ಚಿವುಟಿದಳು. ವಾರಗಟ್ಟಲೆ ಅವಳು ಮಕ್ಕಳಿಗೆ ಹೇಳುತ್ತಿದ್ದದ್ದೂ ಇದನ್ನೇ.

"ಮತ್ತೆ, ಊರಿನ ಮಾತೆಲ್ಲಿ?" ಗೌಡರು ಬಿಡಲಿಲ್ಲ. "ನೀನು ತಪ್ಪು ಹೇಳಿದೆ. ಹೇಳಿದ್ಮೇಲೆ ಕೇಳಿದೋರು ಏನಾದ್ರೂ ಅನ್ಬೇಕು. ತಪ್ಪು ಮಾತ್ರ ಬರೆದಿಟ್ರೆ ಚಾಡಿ ಆಗುತ್ತೆ ಅದು. ಯಾರ‍್ಯಾರಿಗೆ ನಷ್ಟ ಆಯ್ತೋ ಅವರನ್ನ ಕೇಳ್ಕೊಂಡು ಬಾ."

"ನೀವೇನಂತೀರಿ ಅಜ್ಜಾ?"

ಗೌಡರು ರುಮಾಲು ಸರಿಮಾಡಿಕೊಂಡರು. "ಬೀಟ್‌ರೂಟ್ ಹೋಗಲಿ. ಬೇಲಿ ನಾನೇ ಸಡಿಲ ಕಟ್ಟಿದ್ದೆ."

ಹಟ್ಟಿಯ ಬೀದಿ

ಆ ಮಧ್ಯಾಹ್ನವೆಲ್ಲ ದರ್ಶಿನಿಯೂ ನಾನೂ ಎಮ್ಮೆಯ ಪರವಾಗಿ ಮನೆ ಮನೆ ತಿರುಗಿದೆವು. ಬುಟ್ಟಿ ಹೊತ್ತು ತಿರುಗಿದ ದಿನಗಳಿಗೂ ಇದಕ್ಕೂ ವ್ಯತ್ಯಾಸವೇ ಕಾಣಲಿಲ್ಲ: ಬಾಗಿಲಲ್ಲಿ ನಿಲ್ಲು, ಕರೆ, ಕಾಯು.

ಸೊಪ್ಪಿನ ಲಾರಿಯ ಡ್ರೈವರು ಟೀ ಚೀಲಗಳ ಮೇಲೆ ಒರಗಿ ಬೀಡಿ ಸೇದುತ್ತಿದ್ದ. ಕೇಳಿದ್ದಕ್ಕೆ ಮೊದಲು ನಕ್ಕ. ಆಮೇಲೆ ಬೀಡಿ ಆರಿಸಿ, "ಅವತ್ತು ಹಾರನ್ ಹೊಡೆದು ಹೊಡೆದು ಬೈದೆ. ಅದು ಎದ್ದ ಮೇಲೆ ಮುಂದಿನ ತಿರುವಿಗೆ ಹೋದ್ರೆ, ಕಾಟಿ ಗುಂಪು ಆಗತಾನೇ ರಸ್ತೆ ದಾಟಿ ಹೋಗ್ತಿತ್ತು. ಸೊಪ್ಪು ಬಾಡಿತು ಅಂತ ಫ್ಯಾಕ್ಟರೀಲಿ ಬೈಸ್ಕೊಂಡೆ, ನಿಜ. ಬದುಕಿದ್ದಕ್ಕೇ ಬೈಸ್ಕೊಂಡೆ ತಾನೇ? ಅದು ತಪ್ಪಲ್ಲಮ್ಮ, ಬರ್ಕೋ," ಅಂದ.

ದರ್ಶಿನಿಯ ಹೆತ್ತೆ ಹೊಸಿಲಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು. "ಓಡದೆ ಇನ್ನೇನು ಮಾಡ್ಬೇಕಿತ್ತು? ನಾನೂ ಓಡ್ತಿದ್ದೆ, ಕಾಲು ಬರಲಿಲ್ಲ," ಅಂದು ಮತ್ತೆ ಕಾಯಿಗೆ ಕೈ ಹಾಕಿದಳು.

ಅಂಗಡಿ ಮಾಸಿಯವ್ವೆ ಮಾತ್ರ ಗಟ್ಟಿ ಹೆಂಗಸು. ಗಾಜಿನ ಭರಣಿಗಳ ಹಿಂದಿನಿಂದಲೇ ಗುಡುಗಿದಳು. "ಬಿಡಲ್ಲ. ಮೊಮ್ಮಗನ ಮದುವೆಗೆ ಅಂತ ತಂದ ಮುಂಡು. ಒಂದ್ಸಲ ಉಟ್ಟಿರಲಿಲ್ಲ. ಅದು ಹೋಗೋದಿಲ್ಲ, ಹಂಗೇ ಬರಿ."

ದರ್ಶಿನಿ ಹಾಗೇ ಬರೆಯಲು ಹೊರಟಳು. ನಾನು ತಡೆದೆ. ಇಷ್ಟು ದೂರ ಬಂದದ್ದು ಮತ್ತೇತಕ್ಕೆ?

"ಮಾಸಿಯವ್ವೆ, ಅದು ಎಷ್ಟು ಅಗಿದಿತ್ತು? ಪೂರ್ತಿಯಾ?"

"ಒಂದು ಮೂಲೆ. ಅಂಚಿನ ಹತ್ರ."

"ಹಾಗಾದ್ರೆ ಮಿಕ್ಕಿದ್ದು ಚೆನ್ನಾಗಿದೆ ತಾನೇ? ಅದರಲ್ಲಿ ಏನು ಮಾಡಿದ್ರಿ?"

"ಮರಿಮಗುವಿನ ತೊಟ್ಟಿಲಿಗೆ ಹಾಸಿದೆ."

"ತೊಟ್ಟಿಲಿಗೆ ಬಂತಲ್ಲ! ಹೊಸದೇ ಆಗಿದ್ರೆ ಹರಿದು ಹಾಸ್ತಿದ್ರಾ? ಅಷ್ಟರಮಟ್ಟಿಗಾದ್ರೂ ಬಿಡಿ."

ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಸಮಾನರು ಸಮಾನರನ್ನು ಗುರುತಿಸುವ ನೋಟ ಅದು. "ಅಂಚು ಬಿಟ್ಟು ಮಿಕ್ಕಿದ್ದು ಬಿಟ್ಟೆ," ಅಂದಳು. "ಅಂಚಿನ ಪಾಪ ಇರಲಿ. ಅದರ ಮೇಲೆ ಇನ್ನು ಒಂದು ನೂಲೂ ಇಳಿಯಲ್ಲ."

ದಾರಿಯಲ್ಲಿ ದರ್ಶಿನಿ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಲೇ ಬಂದಳು. ಅವಳು ನಕ್ಕದ್ದನ್ನು ನಾನು ಕಂಡದ್ದು ಅದೇ ಮೊದಲು. ಮನೆ ಹತ್ತಿರವಾದಾಗ ಕೇಳಿದೆ, "ಕೊನೇ ಸಾಲಿಗೆ ಯಾರನ್ನ ಕೇಳೋದು?" ನಗು ನಿಂತಿತು. "ಅದು ಎನ್ನದು," ಅಂದಳು.

ಸಂತೆ

ಶಾಲೆಯ ಅಂಗಳದಲ್ಲಿ ಚಾಪೆಗಳ ಸಾಲು. ಟೊಮೇಟೊ ಗುಡ್ಡೆ ಹಾಕಿದಂತೆ ಪುಟಾಣಿ ಪುಸ್ತಕಗಳನ್ನು ಗುಡ್ಡೆ ಹಾಕಿಕೊಂಡು ಮಕ್ಕಳು ಕೂಗುತ್ತಿದ್ದರು. ನಮ್ಮೂರಿನಲ್ಲಿ ಮಕ್ಕಳನ್ನು ವೇದಿಕೆ ಹತ್ತಿಸಿ ಮೈಕ್ ಕೊಟ್ಟು ಬಾಯಿಪಾಠ ಒಪ್ಪಿಸಿ ಅಂತೇವೆ. ದೊಡ್ಡವರು ಕುರ್ಚಿಯಲ್ಲಿ ಕೂತು ಮೊಬೈಲ್ ನೋಡುತ್ತೇವೆ. ಇಲ್ಲಿ ದೊಡ್ಡವರು ಚಾಪೆಯ ಮುಂದೆ ಕುಕ್ಕರಗಾಲಿನಲ್ಲಿ ಕೂರಬೇಕು, ಇಲ್ಲದಿದ್ದರೆ ಮಾಲೇ ಕಾಣುವುದಿಲ್ಲ.

ಎರಡು ಜಡೆಯ ಒಬ್ಬ ಪುಟಾಣಿಯ ಹತ್ತಿರ ನನ್ನ ವಿದ್ಯೆ ತೋರಿಸಿದೆ. "ಅರ್ಧ ಕತೆ ಕೊಡ್ತೀನಿ, ಪುಸ್ತಕ ಕೊಡು." ಅವಳು ಪುಸ್ತಕ ಬಿಡಿಸಿ ಅರ್ಧ ಪುಟದ ಮೇಲೆ ಅಂಗೈ ಮುಚ್ಚಿ, "ಇಷ್ಟು ಓದ್ಕೊಳ್ಳಿ," ಅಂದಳು. ನನಗೆ ಆ ಅಕ್ಷರ ಬರುವುದಿಲ್ಲ ಅಂತ ತಿಳಿದ ಮೇಲೆ ಕರುಣೆ ತೋರಿ ಅರ್ಧವನ್ನು ಓದಿ ಹೇಳಿದಳು. ಅಲ್ಲಿ ಕರಡಿ ಅಡಿಗೆಮನೆಗೆ ಬಂದಿತ್ತು. ಮುಂದೇನಾಯಿತು ಅಂತ ನನಗಿನ್ನೂ ಗೊತ್ತಿಲ್ಲ.

ದರ್ಶಿನಿ ಚಾಪೆ ಹಾಸಿದ್ದಳು. ಮೂಲೆಯಲ್ಲಿ, ಆದರೂ ಹಾಸಿದ್ದಳು. ಜೋಗಿ ಗೌಡರು ಬಂದಾಗ ಜನ ದಾರಿ ಬಿಟ್ಟರು. ಅವರು ಅವಳ ತಲೆ ಮುಟ್ಟಿ ಚಾಪೆಯ ಮುಂದೆಯೇ ಕೂತರು. ನಲ್ಲಿಯ ಹತ್ತಿರ ನಕ್ಕಿದ್ದ ಹೆಂಗಸರೂ ಹಿಂದೆ ನಿಂತರು.

ಅವಳು ಓದತೊಡಗಿದಳು. ಪಾಪ ಅನ್ನುವ ಪದ ಈಗ ಎಲ್ಲೂ ಇರಲಿಲ್ಲ. "ಕಲೆಕ್ಟರೇ, ನೀನು ಜೋಗಿ ಅಜ್ಜನ ಬೀಟ್‌ರೂಟ್ ತಿಂದೆ. ತಿಂದದ್ದಲ್ಲದೆ, ಅವರಿಗೇ ಮೂತಿ ತೋರಿಸಲು ಹೋದೆ," ಅಂತ ಎಮ್ಮೆಯೊಂದಿಗೆ ನೇರ ಮಾತಾಡುತ್ತಿದ್ದಳು. ಸಾಲು ಮುಗಿಸಿ ನಿಲ್ಲಿಸಿದಳು. "ಬೀಟ್‌ರೂಟ್ ಹೋಗಲಿ," ಅಂದರು ಗೌಡರು, ಇಡೀ ಅಂಗಳಕ್ಕೆ ಕೇಳುವಂತೆ. ಲಾರಿಯ ಸಾಲಿಗೆ ಡ್ರೈವರು ಗೇಟಿನ ಹತ್ತಿರದಿಂದ ಕೂಗಿದ. ಮುಂಡಿನ ಸಾಲಿಗೆ ಮಾಸಿಯವ್ವೆ, "ಅಂಚು ಬಿಟ್ಟು!" ಅಂದದ್ದೇ ಅಂಗಳವೆಲ್ಲ ಗೊಳ್ಳೆಂದಿತು. ದರ್ಶಿನಿಯೂ ನಕ್ಕಳು. ಅವಳನ್ನು ನೋಡಿ ನಕ್ಕವರಲ್ಲ ಅವರು, ಅವಳ ಜೊತೆ ನಕ್ಕವರು. ಗೌಡರ ಹುಬ್ಬು ಸಡಿಲವಾಗಿತ್ತು.

ಕೊನೆಯ ಸಾಲು ಬಂತು. "ಕಲೆಕ್ಟರೇ, ನೀನು ನನಗೆ ಹೇಳದೆ ಹೋದೆ."

ಹಿಂದಿದ್ದ ಹೆಂಗಸೊಬ್ಬಳು, ಒಳ್ಳೇ ಮನಸ್ಸಿನಿಂದಲೇ, "ಹೋಗಲಿ ಬಿಡಮ್ಮ," ಅನ್ನತೊಡಗಿದಳು. ಗೌಡರು ತಿರುಗಿ ನೋಡದೆ ಕೈಯೆತ್ತಿ ತಡೆದರು. ಕಾದೆವು. ಹುಡುಗಿ ಪುಸ್ತಕ ನೋಡಿದಳು, ಕೆಳಗಿನ ಟೀ ತೋಟ ನೋಡಿದಳು, ಮತ್ತೆ ಪುಸ್ತಕ ನೋಡಿದಳು.

"ಇದಕ್ಕೆ ಇನ್ನೂ ಮಾತು ಬಂದಿಲ್ಲ," ಅಂದಳು. "ಜಾಗ ಬಿಟ್ಟಿದ್ದೀನಿ. ಬಂದಾಗ ಬರೀತೀನಿ."

ಸುಮತಿ ಸೆರಗಿನಿಂದ ಮೂಗು ಒರೆಸಿಕೊಂಡಳು. ಚಳಿಗೆ ಅಂದಳು. ಬರೀತೀನಿ ಅಂದದ್ದು ಅವಳಿಗೆ ಕೇಳಿಸಿತ್ತು, ನನಗೂ.

ಜನ ಕರಗಿದ ಮೇಲೆ ನಾನು ಚಾಪೆಯ ಮುಂದೆ ಕೂತೆ. "ಒಂದು ಕೊಡು."

"ಕತೆ?"

ಅರ್ಧಕ್ಕೆ ಕೇಳುವ ಧೈರ್ಯ ಬರಲಿಲ್ಲ. ಬುಟ್ಟಿ ಹೊರುವ ಕಾಲದ ಒಂದು ಮನೆಯ ಕತೆ ಕೊಟ್ಟೆ. ಅಲ್ಲೊಬ್ಬ ಅಮ್ಮ ಪ್ರತಿ ಸಲವೂ ಅದೇ ಒಂದು ಸೀರೆ ಹೊರಗೆ ತರುತ್ತಿದ್ದಳು. ಸಣ್ಣ ದಬರಿಗೆ ಶುರು ಮಾಡಿ ದೊಡ್ಡ ಕೊಳಗದವರೆಗೆ ಏರಿಸಿ, ಬಿಸಿಲು ಇಳಿಯುವವರೆಗೆ ಚೌಕಾಸಿ ಮಾಡಿ, ಕೊನೆಗೆ ಬೇಡ ಅಂತ ಸೀರೆ ಒಳಗಿಡುತ್ತಿದ್ದಳು. ಅವಳು ಅದನ್ನು ಕೊಡುವವಳಲ್ಲ ಅಂತ ಬಹಳ ಬೇಗ ತಿಳಿಯಿತು. ತಿಳಿದ ಮೇಲೂ, ಲಾಭವಿಲ್ಲದ ಆ ಒಂದೇ ಬಾಗಿಲಿಗೆ ನಾನು ತಪ್ಪದೆ ಹೋಗುತ್ತಿದ್ದೆ. ಯಾಕೆ ಅಂತ ನನ್ನನ್ನು ನಾನೇ ಕೇಳಿಕೊಂಡಿರಲಿಲ್ಲ.

ದರ್ಶಿನಿ ಚೆನ್ನಾಗಿದೆ ಅನ್ನಲಿಲ್ಲ. "ಸೀರೆ ಯಾವ ಬಣ್ಣ?" ಅಂದಳು.

"ಬದನೆಕಾಯಿ ಬಣ್ಣ. ಹಳದಿ ಅಂಚು." ಅದು ನನ್ನ ನೆನಪಿನಲ್ಲಿದೆ ಅಂತಲೇ ನನಗೆ ಗೊತ್ತಿರಲಿಲ್ಲ.

"ನೀವೂ ಬರೀರಿ," ಅಂದು ಪುಸ್ತಕವನ್ನು ಕೈಗಿಟ್ಟಳು. ಆಮೇಲೆ ನನ್ನ ಪೆನ್ನನ್ನೂ ವಾಪಸ್ ಕೊಡಲು ಬಂದಳು. ನಾನು ತಗೊಳ್ಳಲಿಲ್ಲ. ನೋಡಿ, ಮೊದಲೇ ಹೇಳಿದ ಖರ್ಚಿನಲ್ಲಿ ಪೆನ್ನು ಬಿಟ್ಟುಹೋಗಿದೆ.

ಗೂಡಲೂರಿನ ಮೇಲೆ ವಾಪಸ್ಸು

ಹೋಗುವಾಗ ಉಳಿಸಲು ಹೋಗಿ ಕಳಕೊಂಡದ್ದು ಸಾಕು ಅಂತ ಬರುವಾಗ ದೊಡ್ಡ ಬಸ್ಸನ್ನೇ ಹಿಡಿದೆ. ಗೂಡಲೂರಿನಲ್ಲಿ ಬಸ್ಸು ನಿಂತಾಗ ಪಕ್ಕಕ್ಕೆ ಬಂದು ಕೂತ ಮಲಯಾಳಿ ಅಮ್ಮ ನನ್ನ ಮಡಿಲಿನ ಪುಸ್ತಕ ನೋಡಿ ಏನದು ಅಂತ ಸನ್ನೆಯಲ್ಲೇ ಕೇಳಿದಳು. ಓದಲು ನನಗೆ ಬಾರದು, ಹೇಳಲು ಭಾಷೆ ಇಲ್ಲ. ಎಮ್ಮೆ ಅಂತ ತಲೆಯ ಮೇಲೆ ಎರಡು ಕೈಯಲ್ಲಿ ಕೊಂಬು ತೋರಿಸಿದೆ. ಅವಳೂ ಕೊಂಬು ತೋರಿಸಿ ತಮ್ಮ ಮನೆಯದರ ವಿಷಯ ಶುರು ಮಾಡಿದಳು. ಬಂಡೀಪುರದವರೆಗೂ ಮುಗಿಯಲಿಲ್ಲ.

ಇನ್ನು ನಿಮಗೆ ನಾಲ್ಕು ಮಾತು. ನೀಲಗಿರಿಗೆ ಹೋದರೆ ಸ್ಟೀಲ್ ಬಾಟಲಿ ಒಯ್ಯಿರಿ. ಬೇಕಾದರೆ ನನ್ನ ಅಂಗಡಿಯಲ್ಲೇ ಇದೆ. ಬಾಳೆಹಣ್ಣು ಒಯ್ಯಬೇಡಿ. ಮಸಿನಗುಡಿಯ ಬಿಸಿಲು ನಂಬಿ ಸ್ವೆಟರನ್ನು ಚೀಲದ ತಳಕ್ಕೆ ಹಾಕಬೇಡಿ. ಮನೆಯಲ್ಲಿ ಮಗು ಏನಾದರೂ ಬರೆದು ತಂದು ಓದಿದರೆ, ಕಾಗುಣಿತ ತಿದ್ದಲು ಹೋಗಬೇಡಿ, ವೆರಿ ಗುಡ್ ಅಂತ ಸಾಗಹಾಕಲೂ ಬೇಡಿ. ಎಮ್ಮೆ ತಿಂದದ್ದು ಕ್ಯಾರೆಟ್ಟೋ ಬೀಟ್‌ರೂಟೋ ಕೇಳಿ. ಸೀರೆಯ ಬಣ್ಣ ಕೇಳಿ. ಮಗು ಖಾಲಿ ಬಿಟ್ಟ ಸಾಲಿದ್ದರೆ ನೀವು ತುಂಬಬೇಡಿ, ಎಷ್ಟೇ ಒಳ್ಳೆಯ ಮಾತು ನಾಲಿಗೆ ತುದಿಯಲ್ಲಿದ್ದರೂ.

ಮತ್ತೆ ಕೆತ್ತಿ ಕಡೆ ರಸ್ತೆಯ ನಡುವೆ ಎಮ್ಮೆ ಕೂತಿದ್ದರೆ ಹಾರನ್ ಹೊಡೆಯಬೇಡಿ. ಇಳಿದು, ಯಾರನ್ನಾದರೂ ಅದರ ಹೆಸರು ಕೇಳಿ.